ಎರಡು ವರ್ಷ ಹಳೇ ಫೋಟೋ ಕರೆತಂದ ಜನ

ಅವತ್ತು ಭಾನುವಾರ. ಎದ್ದವಳೇ ಫೋನ್ ನೋಡಿದೆ. ನನ್ನ ಆನ್‌ಲೈನ್ ಅಂಗಡಿಗೆ ದಿನಕ್ಕೆ 30–40 ಜನ ಬಂದರೆ ಅದೇ ಜಾಸ್ತಿ. ಅವತ್ತು ಬೆಳಿಗ್ಗೆ ಹತ್ತಕ್ಕೇ 600 ದಾಟಿತ್ತು. ಆರ್ಡರ್ ಮಾತ್ರ ಒಂದೂ ಇಲ್ಲ.

ನಾನು ಕೈಯಲ್ಲಿ ಹೊಲಿದ ನೋಟ್‌ಬುಕ್ ಮಾರುತ್ತೇನೆ. ಹಿಂದಿನ ಎರಡು ವಾರ ಇನ್‌ಸ್ಟಾಗ್ರಾಮ್‌ಗೆ ರೀಲ್ ಮಾಡಿ ಮಾಡಿ ಸುಸ್ತಾಗಿದ್ದೆ. ಹಾಗಾಗಿ ಇದು ರೀಲ್‌ನ ಮಹಿಮೆಯೇ ಅಂದುಕೊಂಡು ಒಂದರ್ಧ ಗಂಟೆ ಬೀಗಿದೆ ಕೂಡ. ಆಮೇಲೆ ಅಂಕಿಅಂಶದ ಪುಟ ತೆರೆದು, ಜನ ಎಲ್ಲಿಂದ ಬಂದರು ಅಂತ ನೋಡಿದರೆ ರೀಲ್‌ನಿಂದ ಬಂದವರು ನಾಲ್ಕು ಮಂದಿ. ಉಳಿದವರೆಲ್ಲ ಬಂದಿದ್ದು ಪಿಂಟರೆಸ್ಟ್ ಅನ್ನೋ ಫೋಟೋ ಹಂಚುವ ತಾಣದಲ್ಲಿದ್ದ ಒಂದೇ ಒಂದು ಪಿನ್‌ನಿಂದ. ಪಿನ್ ಅಂದರೆ ಅಲ್ಲಿ ಲಿಂಕ್ ಜೊತೆ ಹಾಕಿದ ಫೋಟೋ. ಅದೂ ಎರಡು ವರ್ಷ ಹಳೇದು. ನನಗೇ ಮರೆತುಹೋಗಿತ್ತು.

ಆ ಫೋಟೋದ ಕಥೆ ಹೇಳಲೇಬೇಕು. ಆಗ ನಾನು ಬಿಳಿ ಹಾಳೆಯ ಮೇಲೆ ನೋಟ್‌ಬುಕ್ ಇಟ್ಟು, ಪಕ್ಕಕ್ಕೊಂದು ಒಣಗಿದ ಹೂವಿಟ್ಟು, ಮೇಲಿನಿಂದ ಫೋಟೋ ತೆಗೆಯುತ್ತಿದ್ದೆ. ತಂಗಿ ಬಂದು ನೋಡಿದವಳು, "ಅಕ್ಕಾ, ಇದು ಅಂಗೈಯಷ್ಟಿದೆಯೋ ತಲೆದಿಂಬಿನಷ್ಟಿದೆಯೋ ಗೊತ್ತೇ ಆಗಲ್ಲ. ಕೈಯಲ್ಲಿ ಹಿಡ್ಕೊ, ನಾನು ತೆಗೀತೀನಿ" ಅಂದಳು. ಕಿಟಕಿ ಪಕ್ಕ ನಿಂತೆ. ನೆರಳು ಬಿದ್ದ ಕಡೆಗೆ ಬೆಳಕು ತಿರುಗಲಿ ಅಂತ ಬಿಳಿ ರಟ್ಟು ಹಿಡಿದೆವು. ನೀಲಿ ನೋಟ್‌ಬುಕ್ಕಿನ ಬೆನ್ನಿನ ಹೊಲಿಗೆ ಸರಪಳಿ ಥರ ಎದ್ದು ಕಾಣುತ್ತಿತ್ತು. ಸೂಜಿ ಇನ್ನೂ ನೇತಾಡುತ್ತಿತ್ತು. ನನ್ನ ಹೆಬ್ಬೆರಳ ಉಗುರಿಗೆ ಅಂಟು ಮೆತ್ತಿತ್ತು. "ಛೆ, ಇದು ಬೇಡ" ಅಂತ ಹಟ ಮಾಡಿದ್ದೆ. ಅವಳು ಕೇಳಲಿಲ್ಲ. 1000 ಪಿಕ್ಸೆಲ್ ಅಗಲ, 1500 ಎತ್ತರಕ್ಕೆ ಕತ್ತರಿಸಿ ಹಾಕಿಯೇಬಿಟ್ಟಳು. ಪಿಂಟರೆಸ್ಟ್‌ಗೆ ಆ ಅಳತೆ ಒಗ್ಗುತ್ತೆ, ಫೋನಿನಲ್ಲಿ ಉದ್ದಕ್ಕೆ ಜಾಗ ಹಿಡಿಯುತ್ತೆ.

ಪಿನ್‌ನ ಲಿಂಕ್ ನನ್ನ ಬ್ಲಾಗಿನ ಒಂದು ಬರಹಕ್ಕಿತ್ತು. ಕಾಪ್ಟಿಕ್ ಹೊಲಿಗೆ ಹಾಕಿದ ಪುಸ್ತಕ ಯಾಕೆ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುತ್ತೆ ಅನ್ನೋದನ್ನು ಅದರಲ್ಲಿ ಬರೆದಿದ್ದೆ. ಬೆನ್ನಿಗೆ ಅಂಟು ಬಳಿಯಲ್ಲ, ಹಾಳೆಯ ಒಂದೊಂದು ಕಟ್ಟನ್ನೂ ಹಿಂದಿನದಕ್ಕೆ ನೂಲಿನಿಂದ ಕೊಂಡಿ ಹಾಕುತ್ತಾ ಹೋಗೋದು. ಈಜಿಪ್ಟಿನ ಕಾಪ್ಟ್ ಕ್ರೈಸ್ತರು ಬಹಳ ಹಿಂದೆಯೇ ಹೀಗೆ ಪುಸ್ತಕ ಕಟ್ಟುತ್ತಿದ್ದರು. ಬರೆದಾಗ ಅದನ್ನು ಓದಿದ್ದು ನಾನು ಮತ್ತು ತಂಗಿ, ಅಷ್ಟೇ. ಆದರೆ ಪಿಂಟರೆಸ್ಟ್‌ಗೆ ಜನ ಏನನ್ನೋ ಹುಡುಕಿಕೊಂಡು ಬರುತ್ತಾರೆ. ಇನ್‌ಸ್ಟಾಗ್ರಾಮ್‌ನಲ್ಲಿ ನನ್ನ ಪೋಸ್ಟ್ ಎರಡು ದಿನಕ್ಕೆ ಹಳಸಿಹೋಗುತ್ತೆ. ಅಲ್ಲಿ ಫೋಟೋ ಕೆಳಗೆ ಬರೆದ ಲಿಂಕ್ ಒತ್ತೋದಕ್ಕೂ ಬರಲ್ಲ. ಇಲ್ಲಿ ಯಾರೋ ಪುಣ್ಯಾತ್ಮರು ನನ್ನ ಪಿನ್ ತಮ್ಮ ಬೋರ್ಡಿಗೆ, ಅಂದರೆ ಇಷ್ಟವಾದ ಪಿನ್‌ಗಳನ್ನು ಕೂಡಿಡುವ ಜಾಗಕ್ಕೆ, ಸೇರಿಸಿಕೊಂಡಿದ್ದರು. ಅಲ್ಲಿಂದ ಇನ್ನೊಬ್ಬರು, ಮತ್ತೊಬ್ಬರು.

ಸರಿ, ಬಂದವರು ಯಾಕೆ ಕೊಳ್ಳಲಿಲ್ಲ? ಬೇರೆಯವರ ಹಾಗೆ ನಾನೂ ಫೋನಿನಲ್ಲಿ ಆ ಪಿನ್ ಒತ್ತಿದೆ. ಬ್ಲಾಗ್ ಬಂತು. ಕೊನೆಯಲ್ಲಿ "ಈ ನೋಟ್‌ಬುಕ್ ಇಲ್ಲಿದೆ" ಅಂತಿತ್ತು. ಅದನ್ನೂ ಒತ್ತಿದೆ. 404, ಪುಟ ಸಿಗಲಿಲ್ಲ! ಆರು ತಿಂಗಳ ಹಿಂದೆ ನೀಲಿ ಬಟ್ಟೆ ಮುಗಿದಾಗ ಅಂಗಡಿ ಚೊಕ್ಕವಾಗಿರಲಿ ಅಂತ ಆ ಪುಟವನ್ನು ನಾನೇ ಕೈಯಾರೆ ಅಳಿಸಿ ಹಾಕಿದ್ದೆ. ಬಾಗಿಲಿಗೆ ಬಂದವರನ್ನು ಗೋಡೆಗೆ ಡಿಕ್ಕಿ ಹೊಡೆಸಿದ ಹಾಗಾಯ್ತು.

ಗಾಬರಿಯಲ್ಲಿ ಹಳೇ ವಿಳಾಸಕ್ಕೆ ಬಂದವರೆಲ್ಲ ಅಂಗಡಿಯ ಮುಖಪುಟಕ್ಕೆ ಹೋಗುವಂತೆ ರೀಡೈರೆಕ್ಟ್ ಹಾಕಿದೆ. ಅದೂ ಪೆದ್ದುತನವೇ. ಒಂದು ಗಂಟೆ ನೋಡಿದೆ, ಬಂದವರು ಬಂದ ಹಾಗೇ ವಾಪಸ್. ಹೋಗದೆ ಇರ್ತಾರಾ ಮತ್ತೆ? ಅವರು ಕಂಡಿದ್ದು ಸರಪಳಿ ಹೊಲಿಗೆಯ ನೀಲಿ ನೋಟ್‌ಬುಕ್. ನಾನು ತೋರಿಸಿದ್ದು ಇಪ್ಪತ್ತು ಬಗೆಯ ಬೇರೆ ಏನೇನೋ. ಆಮೇಲೆ ತಲೆ ಓಡಿತು. ರೀಡೈರೆಕ್ಟನ್ನು ಅದೇ ಹೊಲಿಗೆಯ ಹಸಿರು ನೋಟ್‌ಬುಕ್ಕಿಗೆ ತಿರುಗಿಸಿದೆ. ಆ ಪುಟದ ಮೇಲೆ "ನೀಲಿ ಬಟ್ಟೆ ಮುಗಿದಿದೆ. ಹೊಲಿಗೆ ಅದೇ, ಅಳತೆ ಅದೇ, ಬಟ್ಟೆ ಹಸಿರು" ಅಂತ ಬರೆದೆ. ಬ್ಲಾಗಿನ ಲಿಂಕನ್ನೂ ಸರಿಮಾಡಿದೆ.

ಮಧ್ಯಾಹ್ನ ಮೂರಕ್ಕೆ ಮೊದಲ ಆರ್ಡರ್. ರಾತ್ರಿ ಹೊತ್ತಿಗೆ ಒಂಬತ್ತು. ನನ್ನ ಹತ್ತಿರ ಇದ್ದಿದ್ದು ಐದು! "ಆರ್ಡರ್ ಬಂದ ಮೇಲೆ ಹೊಲಿಯುತ್ತೇವೆ, ಹತ್ತು ದಿನ ಬೇಕು" ಅಂತ ಪುಟದಲ್ಲಿ ಬರೆದು, ಉಳಿದ ನಾಲ್ವರಿಗೂ ಇಮೇಲ್ ಹಾಕಿದೆ. ಒಬ್ಬರು ಬೇಡ ಅಂದರು. ಮೂವರು ಕಾಯುತ್ತೇವೆ ಅಂದರು.

ಮಲಗೋ ಮುಂಚೆ ನಾನೂ ತಂಗಿಯೂ ಕೂತು ಹಳೇ ಪಿನ್‌ಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದೆವು. ಇನ್ನೂ 11 ಪಿನ್‌ಗಳು ಹೀಗೇ ಇಲ್ಲದ ಪುಟಕ್ಕೆ ಹೋಗುತ್ತಿದ್ದವು. ಏಳಕ್ಕೆ ಬದಲಿ ಸಿಕ್ಕಿತು. ನಾಲ್ಕನ್ನು ಆಯಾ ಬ್ಲಾಗ್ ಬರಹಕ್ಕೇ ಜೋಡಿಸಿದೆ.

ಮಾರನೇ ದಿನ ಹಸಿರು ನೋಟ್‌ಬುಕ್ಕಿನ ಫೋಟೋ ತೆಗೀಬೇಕಿತ್ತು. ಕೈ ತೊಳೆಯೋಕೆ ಎದ್ದೆ. ಫೋನ್ ಹಿಡಿದು ಕಿಟಕಿ ಪಕ್ಕ ನಿಂತಿದ್ದ ತಂಗಿ ಅಲ್ಲಿಂದಲೇ ಕೂಗಿದಳು: "ಅಕ್ಕಾ, ಉಗುರಿನ ಅಂಟು ಹಾಗೇ ಇರ್ಲಿ!"