ಬಾಯಿಯ ಸುತ್ತಲಿನ ಗುಳ್ಳೆಗಳು

ಇಂದು ಬೆಳಿಗ್ಗೆ ಅಕ್ಕನ ಮಗಳು ಕನ್ನಡಿಯ ಮುಂದೆ ನಿಂತು ಗದ್ದದ ಕೆಂಪು ಗುಳ್ಳೆಯನ್ನು ಉಗುರಿನಿಂದ ಚಿವುಟುತ್ತಿದ್ದುದನ್ನು ಕಂಡು ಸಂಕಟವಾಯಿತು. ಕಾರವಾರದ ಈ ಮೇ ತಿಂಗಳ ಬೆವರಿನ ಜೊತೆಗೆ ಮುಖಕ್ಕೆ ಹಚ್ಚಿದ ಕೊಬ್ಬರಿ ಎಣ್ಣೆ, ಮುಟ್ಟಿನ ಮುಂಚಿನ ಹಾರ್ಮೋನುಗಳ ಏರಿಳಿತ, ಎಲ್ಲವೂ ಅಲ್ಲಿ ಮೊಡವೆ ಎಬ್ಬಿಸಬಲ್ಲವು. ನನಗೆ ಹೆಚ್ಚು ಭಯವಿರುವುದು ಸ್ಟಿರಾಯ್ಡ್ ಬೆರೆತ, ಮುಖ ಬೆಳ್ಳಗಾಗಲೆಂದು ಹಚ್ಚುವ ಕ್ರೀಮುಗಳದ್ದು: ಮೊದಲು ಕೆಂಪು ಇಳಿದಂತೆ ಕಂಡರೂ, ಹಚ್ಚುವುದನ್ನು ಬಿಟ್ಟೊಡನೆ ತುಟಿಯಂಚಿನ ಸಣ್ಣ ಪಟ್ಟಿಯನ್ನಷ್ಟೇ ಉಳಿಸಿ ಸುತ್ತಲೂ ಉರಿಯುವ ಗುಳ್ಳೆಗಳು ಏಳುತ್ತವೆ. ಅದು ಮೊಡವೆಯಲ್ಲ, ಪೆರಿಓರಲ್ ಡರ್ಮಟೈಟಿಸ್ ಎಂಬ ಬೇರೆಯೇ ತೊಂದರೆ. ನಿಜವಾದ ಮೊಡವೆ ಸೌಮ್ಯವಾಗಿದ್ದರೆ 2.5 ಪ್ರತಿಶತದ ಬೆಂಜಾಯ್ಲ್ ಪೆರಾಕ್ಸೈಡ್ ಎಂಬ ಹಚ್ಚುವ ಔಷಧ ಬಹುತೇಕ ಸಾಕಾಗುತ್ತದೆ. ಗುಣ ಕಾಣಲು 6ರಿಂದ 8 ವಾರ ಕಾಯಬೇಕು. ಅವಳ ಕೈಯನ್ನು ಮೆಲ್ಲನೆ ಕೆಳಗಿಳಿಸಿ, ಸಂಜೆ ಚರ್ಮವೈದ್ಯರಿಗೆ ತೋರಿಸಿ ಬರೋಣವೆಂದೆ.