ಪಾಪುವಿನ ನಾಮಕರಣದ ಓಲೆ

ತಂಗಿ ಮಗಳ ನಾಮಕರಣಕ್ಕೆ 25 ಕರೆಯೋಲೆ ಪುಣೆಯ ನಮ್ಮ ಕೊತ್ರೂಡ್ ಮನೆಯಲ್ಲಿ ಫ್ಯಾನಿನ ಕೆಳಗೆ ಒಣಗುತ್ತಿವೆ. ಕಾಗದವನ್ನೂ ನಾವೇ ಮಾಡಿದ್ದು. ತಂಗಿಯ ಹಳೇ ಕಾಲೇಜು ನೋಟ್‌ಬುಕ್ ಹರಿದು, ರಾತ್ರಿಯಿಡೀ ನೆನೆಸಿ, ಮಿಕ್ಸಿಯಲ್ಲಿ ತಿರುವಿ, ಜಾಲರಿ ಹೊಡೆದ ಚೌಕಟ್ಟಿನಲ್ಲಿ ಎತ್ತಿದೆವು. ಎತ್ತಿದ ತಕ್ಷಣ ಮೆಲ್ಲಗೆ ಆಚೀಚೆ ಅಲ್ಲಾಡಿಸಬೇಕು. ಆಗಲೇ ನಾರು ಒಂದಕ್ಕೊಂದು ಹೆಣೆದುಕೊಳ್ಳುವುದು.

ಈ ಆಸೆ ಹುಟ್ಟಿದ್ದು ಪುಣೆಯದೇ ಶಿವಾಜಿನಗರದ ಕೈಕಾಗದ ಸಂಸ್ಥೆಯ ಹಾಳೆ ಮುಟ್ಟಿದಾಗ. 1940ರಲ್ಲಿ ಶುರುವಾದ ಜಾಗ ಅದು. ಹತ್ತಿ ಬಟ್ಟೆಯ ಚಿಂದಿಯಿಂದ ಕಾಗದ ಮಾಡುತ್ತಾರೆ. ಎಷ್ಟು ಗಟ್ಟಿ, ಎಷ್ಟು ಮೆತ್ತಗೆ!

ಮೊದಲ ಓಲೆಯಲ್ಲಿ ಶಾಯಿ ಹರಡಿ ಮುಹೂರ್ತವೇ ಅಳಿಸಿಹೋಯಿತು. ಅಮ್ಮ ಅನ್ನದ ಗಂಜಿ ತಂದು, "ಸೀರೆಗೆ ಹಾಕಲ್ವಾ, ಇದಕ್ಕೂ ತೆಳ್ಳಗೆ ಹಚ್ಚು" ಅಂದಳು. ಒಣಗಿದ ಮೇಲೆ ಅಕ್ಷರ ನಿಂತಿತು. ಎಷ್ಟು ಖುಷಿಯಾಯ್ತು ಗೊತ್ತಾ?

ಬೆಳಕಿಗೆ ಹಿಡಿದರೆ ಹಾಳೆಯೊಳಗೆ ನೀಲಿ ಚುಕ್ಕೆಗಳು. ತಂಗಿ ಪರೀಕ್ಷೆಗೆ ಅಂತ ರಾತ್ರಿ ಕೂತು ಬರೆದ ಅಕ್ಷರಗಳೇ ಅವು, ಈಗ ಅವಳ ಮಗಳ ಓಲೆಯಲ್ಲಿ. ನೋಡುತ್ತಾ ಸುಮ್ನೆ ಕೂತುಬಿಟ್ಟೆ.

ಧಾರವಾಡದ ಅಜ್ಜಿಯ ಓಲೆ ಇನ್ನೂ ಬಾಕಿ. ಅವರಿಗೆ ದಪ್ಪ ಅಕ್ಷರದಲ್ಲಿ ಬರೆಯಬೇಕು.