ಟರ್ಬೊಪ್ರಾಪ್‌ಗೆ ಯಾವ ಲೈಸೆನ್ಸ್ ಬೇಕು?

ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನ ಹಾರಿಸಿ ರೂಢಿ ಇರುವವರಿಗೆ ಟರ್ಬೊಪ್ರಾಪ್, ಅಂದರೆ ಟರ್ಬೈನ್ ಎಂಜಿನ್ನಿನಿಂದ ಪ್ರೊಪೆಲ್ಲರ್ ತಿರುಗಿಸುವ ವಿಮಾನ, ಕಲಿಸುವುದು ನನ್ನ ಕೆಲಸ. ಸ್ವಂತಕ್ಕೆ ಒಂದು ತೆಗೆದುಕೊಳ್ಳಬೇಕು ಅಂತ ಬರುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಬೇರೆ ಲೈಸೆನ್ಸ್ ಮಾಡಿಸಬೇಕಾ? ಬೇಡ. ಟರ್ಬೊಪ್ರಾಪ್‌ಗೆ ಅಂತಲೇ ಪ್ರತ್ಯೇಕ ಲೈಸೆನ್ಸ್ ಇಲ್ಲ. ಕಮರ್ಷಿಯಲ್ ಲೈಸೆನ್ಸ್ ಬೇಕು ಅನ್ನುವುದೂ ತಪ್ಪು ಕಲ್ಪನೆ. ದುಡ್ಡು ತೆಗೆದುಕೊಂಡು ಜನರನ್ನೋ ಸಾಮಾನನ್ನೋ ಸಾಗಿಸುವುದಾದರೆ ಮಾತ್ರ ಅದು ಬೇಕು. ನಿಮ್ಮ ವಿಮಾನ, ನಿಮ್ಮ ಮನೆಯವರು, ನಿಮ್ಮ ಸ್ನೇಹಿತರು ಅಂದರೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಸಾಕು. ಅದನ್ನು ಪಡೆಯಲು ಅಮೆರಿಕದಲ್ಲಿ ಕನಿಷ್ಠ 40 ಗಂಟೆ, ಯುರೋಪಿನಲ್ಲಿ 45 ಗಂಟೆ ಹಾರಾಟ ಬೇಕು. ಎರಡೂ ಕಡೆ ವಯಸ್ಸು 17 ಆಗಿರಬೇಕು. ಜೊತೆಗೆ ಮೆಡಿಕಲ್ ಸರ್ಟಿಫಿಕೇಟ್.

ಲೈಸೆನ್ಸ್ ವಿಷಯ ಅಷ್ಟೇ. ಕಷ್ಟ ಇರುವುದು ಅದರ ಮೇಲೆ ಸೇರಿಸಿಕೊಳ್ಳಬೇಕಾದ ರೇಟಿಂಗ್‌ಗಳಲ್ಲಿ. ದೇಶದಿಂದ ದೇಶಕ್ಕೆ ಇವು ಬದಲಾಗುತ್ತವೆ. ಜನ ಗೊಂದಲ ಮಾಡಿಕೊಳ್ಳುವುದೂ ಇಲ್ಲೇ.

ಅಮೆರಿಕದ ನಿಯಮ ನೋಡಿ. ಅಲ್ಲಿ ಟೈಪ್ ರೇಟಿಂಗ್, ಅಂದರೆ ಆ ಒಂದು ಮಾದರಿಯ ವಿಮಾನಕ್ಕೆ ಅಂತಲೇ ಪರೀಕ್ಷೆ ಕೊಟ್ಟು ಪಡೆಯುವ ಅನುಮತಿ, ಮುಖ್ಯವಾಗಿ ಎರಡು ಥರದ ವಿಮಾನಕ್ಕೆ ಬೇಕು. ಜೆಟ್ ಎಂಜಿನ್ ಇರಬೇಕು, ಇಲ್ಲವೇ ಟೇಕಾಫ್ ತೂಕ 12,500 ಪೌಂಡ್‌ಗಿಂತ, ಅಂದರೆ 5,670 ಕಿಲೋಗಿಂತ ಜಾಸ್ತಿ ಇರಬೇಕು. ಟರ್ಬೊಪ್ರಾಪ್‌ನಲ್ಲಿ ಟರ್ಬೈನ್ ಇದ್ದರೂ ಅದು ತಿರುಗಿಸುವುದು ಪ್ರೊಪೆಲ್ಲರನ್ನು. ಹಾಗಾಗಿ ಅದು ಜೆಟ್ ಲೆಕ್ಕಕ್ಕೆ ಬರುವುದಿಲ್ಲ, ತೂಕ ಮಾತ್ರ ನೋಡುತ್ತಾರೆ. ಪಿಲಾಟಸ್ ಪಿಸಿ-12 ಸುಮಾರು 4,740 ಕಿಲೋ. ಟಿಬಿಎಂ, ಪೈಪರ್ ಎಂ600, ಸೆಸ್ನಾ ಕ್ಯಾರವಾನ್ ಎಲ್ಲ ಅದಕ್ಕಿಂತ ಹಗುರ. ಇವು ಯಾವುದಕ್ಕೂ ಅಲ್ಲಿ ಟೈಪ್ ರೇಟಿಂಗ್ ಬೇಕಿಲ್ಲ. ಎರಡು ಎಂಜಿನ್ನಿನ ಕಿಂಗ್ ಏರ್ ಬಿ200 ಸರಿಯಾಗಿ 12,500 ಪೌಂಡ್. ನಿಯಮ ಹೇಳುವುದು ಅದಕ್ಕಿಂತ ಜಾಸ್ತಿ ಇದ್ದರೆ ಅಂತ, ಹಾಗಾಗಿ ಇದಕ್ಕೂ ಬೇಡ, ಮಲ್ಟಿ-ಎಂಜಿನ್ ರೇಟಿಂಗ್ ಇದ್ದರೆ ಆಯಿತು. ಅದರ ಅಣ್ಣನಂತಿರುವ ಕಿಂಗ್ ಏರ್ 350 ತೂಕ 15,000 ಪೌಂಡ್. ಅದಕ್ಕೆ ಟೈಪ್ ರೇಟಿಂಗ್ ಬೇಕೇ ಬೇಕು. ಎರಡರ ಕಾಕ್‌ಪಿಟ್‌ನಲ್ಲೂ ಕೂತು ನೋಡಿದರೆ ಕೆಲಸದಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಈ ಗೆರೆ ಅಳೆಯುವುದು ತೂಕವನ್ನು. ವಿಮಾನ ಎಷ್ಟು ಕಷ್ಟದ್ದು ಅನ್ನುವುದನ್ನಲ್ಲ. ಟಿಬಿಎಂ 900 ಸಾಲಿನ ವಿಮಾನಗಳು 330 ನಾಟ್ (ಗಂಟೆಗೆ ಸುಮಾರು 610 ಕಿಲೋಮೀಟರ್) ವೇಗದಲ್ಲಿ, 31,000 ಅಡಿ ಎತ್ತರದವರೆಗೆ ಹಾರುತ್ತವೆ. ಹಾರಿಸುವವರು ಒಬ್ಬರೇ. ಅಂಥ ವಿಮಾನಕ್ಕೆ ಟೈಪ್ ರೇಟಿಂಗ್ ಇಲ್ಲ ಅಂದ ತಕ್ಷಣ ಕೆಲವರ ಮುಖ ಅರಳುತ್ತದೆ. ನನಗೆ ಚಿಂತೆ ಶುರುವಾಗುವುದೂ ಆಗಲೇ. ಕಾನೂನು ಕೇಳದಿದ್ದರೂ ಟೈಪ್ ರೇಟಿಂಗ್ ಇದೆ ಅಂತಲೇ ತಿಳಿದು ಕಲಿಯಿರಿ ಅಂತ ಎಲ್ಲರಿಗೂ ಹೇಳುತ್ತೇನೆ.

ಹಾಗಂತ ಅಲ್ಲಿ ಏನೂ ಬೇಡ ಅಂತಲ್ಲ. 200 ಹಾರ್ಸ್‌ಪವರ್‌ಗಿಂತ ಜಾಸ್ತಿ ಶಕ್ತಿಯ ಎಂಜಿನ್‌ಗೆ ಹೈ-ಪರ್ಫಾರ್ಮೆನ್ಸ್ ಎಂಡಾರ್ಸ್‌ಮೆಂಟ್ ಬೇಕು. ಚಕ್ರ ಒಳಗೆ ಮಡಚಿಕೊಳ್ಳುವ ವಿಮಾನಕ್ಕೆ ಕಾಂಪ್ಲೆಕ್ಸ್ ಎಂಡಾರ್ಸ್‌ಮೆಂಟ್. ಇವೆರಡನ್ನೂ ಇನ್‌ಸ್ಟ್ರಕ್ಟರ್ ಕಲಿಸಿ ಲಾಗ್‌ಬುಕ್‌ನಲ್ಲಿ ಸಹಿ ಹಾಕಿ ಕೊಡುತ್ತಾರೆ. ಬೇರೆ ಪರೀಕ್ಷೆ ಇಲ್ಲ. ಪಿಸ್ಟನ್ ವಿಮಾನದಲ್ಲೇ ಬಹಳ ಜನ ಇವನ್ನು ಪಡೆದಿರುತ್ತಾರೆ. ಮೂರನೆಯದು ಹೈ-ಆಲ್ಟಿಟ್ಯೂಡ್ ಎಂಡಾರ್ಸ್‌ಮೆಂಟ್. ಒಳಗೆ ಗಾಳಿಯ ಒತ್ತಡ ಕಾಯುವ, 25,000 ಅಡಿಗಿಂತ ಮೇಲೆ ಹಾರಬಲ್ಲ ವಿಮಾನಕ್ಕೆ ಇದು ಬೇಕು. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಜೀವ ಉಳಿಸುವ ಸಹಿ ಇದೊಂದೇ.

25,000 ಅಡಿಯಲ್ಲಿ ಕ್ಯಾಬಿನ್ ಒತ್ತಡ ಹೋದರೆ ಸರಿಯಾಗಿ ಯೋಚಿಸಿ ಕೈ ಆಡಿಸಲು ಸಿಗುವುದು ಮೂರರಿಂದ ಐದು ನಿಮಿಷ. 30,000 ಅಡಿಯಲ್ಲಿ ಒಂದೆರಡು ನಿಮಿಷ. ಒತ್ತಡ ಒಮ್ಮೆಲೇ ಹೋದರೆ ಅದಕ್ಕಿಂತ ಕಡಿಮೆ. ಆದರೆ ನಿಧಾನವಾಗಿ ಹೋಗುವುದೇ ಹೆಚ್ಚು ಅಪಾಯ, ಏಕೆಂದರೆ ತೊಂದರೆ ಆಗುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಮೈ ಹಾಯಾಗಿಯೇ ಇರುತ್ತದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. 2014ರ ಸೆಪ್ಟೆಂಬರ್ 5ರಂದು ಒಂದು ಟಿಬಿಎಂ 900 ರೋಚೆಸ್ಟರ್‌ನಿಂದ ಫ್ಲಾರಿಡಾದ ನೇಪಲ್ಸ್‌ಗೆ ಹೊರಟಿತ್ತು. 28,000 ಅಡಿಯಲ್ಲಿದ್ದಾಗ ಪೈಲಟ್, ವಿಮಾನದಲ್ಲಿ ಒಂದು ಸೂಚನೆ ಸರಿಯಿಲ್ಲ, 18,000 ಅಡಿಗೆ ಇಳಿಯಬೇಕು ಅಂತ ನೆಲದಲ್ಲಿರುವ ಏರ್ ಟ್ರಾಫಿಕ್ ಕಂಟ್ರೋಲರ್‌ಗೆ ಹೇಳಿದರು. ಎಮರ್ಜೆನ್ಸಿ ಅನ್ನಲಿಲ್ಲ. ಕಂಟ್ರೋಲರ್ ಮೊದಲು 25,000ಕ್ಕೆ ಇಳಿಯಲು ಹೇಳಿದರು. ಸ್ವಲ್ಪ ಹೊತ್ತಿನಲ್ಲೇ ಪೈಲಟ್‌ರಿಂದ ಉತ್ತರ ನಿಂತುಹೋಯಿತು. ಫೈಟರ್ ಜೆಟ್‌ಗಳು ಪಕ್ಕದಲ್ಲಿ ಹಾರಿ ನೋಡಿದರೂ ಏನೂ ಮಾಡಲಾಗಲಿಲ್ಲ. ವಿಮಾನ ಇಂಧನ ಮುಗಿಯುವವರೆಗೂ ತನ್ನಷ್ಟಕ್ಕೆ ಹಾರಿ, ಜಮೈಕಾದ ಹತ್ತಿರ ಸಮುದ್ರಕ್ಕೆ ಬಿತ್ತು. ಇಬ್ಬರೂ ಉಳಿಯಲಿಲ್ಲ.

ಅದಕ್ಕೇ ನನ್ನ ಪಾಠದಲ್ಲಿ ಮಾಸ್ಕ್ ಮೊದಲು, ಮಾತು ಆಮೇಲೆ. ಒತ್ತಡದ ವಾರ್ನಿಂಗ್ ಬಂತು ಅಂತ ನಾನು ಹೇಳಿದ ಕೂಡಲೇ ಕೈ ಚೆಕ್‌ಲಿಸ್ಟ್ ಕಡೆಗೂ ಹೋಗಬಾರದು, ರೇಡಿಯೋ ಕಡೆಗೂ ಹೋಗಬಾರದು. ಮಾಸ್ಕ್ ಮುಖಕ್ಕೆ, ಪವರ್ ಕಡಿಮೆ, ಮೂಗು ಕೆಳಗೆ. ಆಮೇಲೆ ರೇಡಿಯೋದಲ್ಲಿ ಮೇಡೇ, ಅಂದರೆ ಅಪಾಯದ ಕರೆ. ಅನುಮತಿ ಕೇಳುವುದಲ್ಲ, ಇಳಿಯುತ್ತಿದ್ದೇನೆ ಅಂತ ತಿಳಿಸುವುದು. ಕೂತಲ್ಲೇ ಕಣ್ಣು ಮುಚ್ಚಿ ಮಾಸ್ಕ್ ಹಾಕಿಕೊಳ್ಳಲು ಬರುವವರೆಗೂ ನಾನು ಸಹಿ ಹಾಕುವುದಿಲ್ಲ.

ಇನ್ನು ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೆ ಏನೂ ಕಾಣದಿದ್ದರೂ ಉಪಕರಣ ನೋಡಿಕೊಂಡೇ ಹಾರಲು ಸಿಗುವ ಅನುಮತಿ. ಟರ್ಬೊಪ್ರಾಪ್ ಅನ್ನುವ ಕಾರಣಕ್ಕೇ ಇದು ಬೇಕು ಅಂತ ನಿಯಮದಲ್ಲಿ ಇಲ್ಲ. ಆದರೆ ಇದಿಲ್ಲದೆ ವಿಮಾನ ಇಟ್ಟುಕೊಂಡು ಪ್ರಯೋಜನ ಇಲ್ಲ. ಟರ್ಬೈನ್ ಎಂಜಿನ್ ಕೆಳಗಡೆ ಹಾರಿದರೆ ಇಂಧನ ಕುಡಿಯುತ್ತದೆ, ಮೇಲೆ ಹೋದಷ್ಟೂ ಮಿತವಾಗುತ್ತದೆ. ಅದರ ಜಾಗವೇ 25,000 ಅಡಿ ಆಸುಪಾಸು. ಅಮೆರಿಕದಲ್ಲಿ 18,000 ಅಡಿಯಿಂದ ಮೇಲೆ ಇನ್‌ಸ್ಟ್ರುಮೆಂಟ್ ನಿಯಮದಲ್ಲೇ ಹಾರಬೇಕು. ಯುರೋಪಿನಲ್ಲಿ ಸಾಮಾನ್ಯವಾಗಿ 19,500 ಅಡಿಯಿಂದ ಮೇಲೆ. ಹಾಗಾಗಿ ಟರ್ಬೊಪ್ರಾಪ್ ಬರುವ ಮೊದಲೇ, ಪಿಸ್ಟನ್ ವಿಮಾನದಲ್ಲೇ ಈ ರೇಟಿಂಗ್ ಮುಗಿಸಿಕೊಳ್ಳಿ. ಸುಮ್ನೆ ಮುಗಿಸಿದರೆ ಸಾಲದು, ಮೋಡದೊಳಗೆ ಒಂದಷ್ಟು ಕಾಲ ಹಾರಿ ಕೈ ಪಳಗಿರಬೇಕು. ಹೊಸ ರೇಟಿಂಗ್, ಹೊಸ ವಿಮಾನ ಎರಡೂ ಒಟ್ಟಿಗೆ ಬಂದಾಗ ತಲೆ ಎಷ್ಟು ಬೇಗ ತುಂಬಿಹೋಗುತ್ತದೆ ಅನ್ನುವುದನ್ನು ಪಕ್ಕದ ಸೀಟಿನಿಂದ ನೋಡುತ್ತಲೇ ಇದ್ದೇನೆ.

ಯುರೋಪಿನ ದಾರಿ ಬೇರೆ. ಅಲ್ಲಿ ಒಂದು ಎಂಜಿನ್ನಿನ ಟರ್ಬೊಪ್ರಾಪ್‌ಗೆ ಕ್ಲಾಸ್ ರೇಟಿಂಗ್, ಅಂದರೆ ಒಂದು ವರ್ಗದ ವಿಮಾನಗಳಿಗೆ ಅಂತ ಇರುವ ಅನುಮತಿ, ಕೊಡುತ್ತಾರೆ. ಹೆಸರು ಕ್ಲಾಸ್ ಆದರೂ ಪಿಲಾಟಸ್‌ಗೆ ಬೇರೆ, ಟಿಬಿಎಂಗೆ ಬೇರೆ. ಒಂದು ಇದ್ದರೆ ಇನ್ನೊಂದು ಹಾರಿಸುವಂತಿಲ್ಲ. ಎರಡು ಎಂಜಿನ್ನಿನ ಕಿಂಗ್ ಏರ್‌ಗೆ, ತೂಕ ಎಷ್ಟೇ ಇರಲಿ, ಟೈಪ್ ರೇಟಿಂಗ್ ಬೇಕು. ಟಿಬಿಎಂನಂಥ ವೇಗದ ವಿಮಾನ ಅಲ್ಲಿ ಹೈ-ಪರ್ಫಾರ್ಮೆನ್ಸ್ ಗುಂಪಿಗೆ ಸೇರುತ್ತದೆ. ಆ ಗುಂಪಿನ ಮೊದಲ ರೇಟಿಂಗ್‌ಗೆ ಒಟ್ಟು 200 ಗಂಟೆ ಹಾರಾಟ ಆಗಿರಬೇಕು, ಹೆಚ್ಚುವರಿ ಥಿಯರಿ ಕೋರ್ಸ್ ಮುಗಿಸಿರಬೇಕು. ರೇಟಿಂಗ್ ಉಳಿಸಿಕೊಳ್ಳಲು ಅವಧಿ ಮುಗಿಯುವ ಮೊದಲು ಎಗ್ಸಾಮಿನರ್ ಎದುರು ಹಾರಿ ತೋರಿಸಬೇಕು. ಖರ್ಚು ಜಾಸ್ತಿ, ಕಾಗದಪತ್ರ ಜಾಸ್ತಿ ಅಂತ ಅಲ್ಲಿನವರು ಬೇಸರಪಡುತ್ತಾರೆ. ನನಗೆ ಮಾತ್ರ ಈ ಪದ್ಧತಿಯೇ ಸರಿ ಅನ್ನಿಸುತ್ತದೆ.

ಯಾಕೆ ಅಂತ ಎಂಜಿನ್ ಸ್ಟಾರ್ಟ್ ಮಾಡುವುದನ್ನು ನೋಡಿದರೆ ಗೊತ್ತಾಗುತ್ತದೆ. ಈ ವಿಮಾನಗಳಲ್ಲಿ ಬಹುಪಾಲು ಪಿಟಿ6 ಎಂಜಿನ್. ಸ್ಟಾರ್ಟರ್ ಒತ್ತುತ್ತೀರಿ. ಕಂಪ್ರೆಸರ್ ವೇಗ ಶೇಕಡಾ 13ರ ಹತ್ತಿರ ಬಂದು ನಿಲ್ಲುತ್ತದೆ. ಕಂಡೀಷನ್ ಲಿವರ್ ಮುಂದೆ ತಳ್ಳಿ ಇಂಧನ ಬಿಡುತ್ತೀರಿ. ಕೆಲವೇ ಕ್ಷಣದಲ್ಲಿ ಬೆಂಕಿ ಹತ್ತುತ್ತದೆ, ಟರ್ಬೈನ್ ಉಷ್ಣತೆಯ ಮುಳ್ಳು ಮೇಲಕ್ಕೆ ಓಡುತ್ತದೆ. ಮಾಮೂಲಿ ಸ್ಟಾರ್ಟ್‌ನಲ್ಲಿ ಒಂದು ಹಂತಕ್ಕೆ ಏರಿ ತಾನೇ ಇಳಿಯುತ್ತದೆ. ಬ್ಯಾಟರಿ ಸೊರಗಿದ್ದರೆ ಕಂಪ್ರೆಸರ್ ಸಾಕಷ್ಟು ಗಾಳಿ ತಳ್ಳುವುದಿಲ್ಲ, ಗಾಳಿ ಇಲ್ಲದೆ ಒಳಗಿನ ಬಿಸಿ ತಣಿಯುವುದಿಲ್ಲ, ಮುಳ್ಳು ಏರುತ್ತಲೇ ಇರುತ್ತದೆ. ಹಲವು ಮಾದರಿಗಳಲ್ಲಿ ಮಿತಿ ಸುಮಾರು 1,000 ಡಿಗ್ರಿ, ಅದೂ ಕೆಲವೇ ಸೆಕೆಂಡು. ಅದು ದಾಟುವ ಮೊದಲೇ ಲಿವರ್ ಹಿಂದಕ್ಕೆ ಎಳೆಯಬೇಕು. ತಡ ಮಾಡಿದರೆ ಬ್ಲೇಡ್‌ಗಳು ಸುಟ್ಟುಹೋಗುತ್ತವೆ, ರಿಪೇರಿಗೆ ಆಗುವ ಖರ್ಚಿನಲ್ಲಿ ಒಂದು ಒಳ್ಳೆಯ ಪಿಸ್ಟನ್ ವಿಮಾನವೇ ಬರಬಹುದು. ಆದ್ದರಿಂದ ಸ್ಟಾರ್ಟ್ ಪೂರ್ತಿ ಆಗುವವರೆಗೂ ಕಣ್ಣು ಮುಳ್ಳಿನ ಮೇಲೆ, ಕೈ ಲಿವರ್ ಮೇಲೆ. ಪಕ್ಕದವರು ಏನಾದರೂ ಕೇಳಿದರೂ ಉತ್ತರ ಕೊಡಬೇಡಿ.

ಲ್ಯಾಂಡಿಂಗ್ ಸರಿಹೋಗದೆ ಮತ್ತೆ ಮೇಲೇಳುವಾಗ ಇನ್ನೊಂದು ಅಪಾಯ ಇದೆ. ಪಿಸ್ಟನ್ ವಿಮಾನದಲ್ಲಿ ಥ್ರಾಟಲ್ ಪೂರ್ತಿ ತಳ್ಳಿ ಅಭ್ಯಾಸ ಆಗಿರುತ್ತದೆ, ಅಲ್ವಾ? ಟಿಬಿಎಂ 900ರ ಮೂಗಿನಲ್ಲಿ 850 ಹಾರ್ಸ್‌ಪವರ್ ಇದೆ. ವೇಗ ಕಡಿಮೆ ಇರುವಾಗ ಅದನ್ನು ಒಮ್ಮೆಲೇ ಬಿಟ್ಟರೆ ವಿಮಾನ ಎಡಕ್ಕೆ ಉರುಳುತ್ತದೆ. ಬಾಲದ ರಡ್ಡರ್, ರೆಕ್ಕೆಯ ಎಲೆರಾನ್ ಎರಡಕ್ಕೂ ಅದನ್ನು ತಡೆಯುವಷ್ಟು ಬಲ ಇರುವುದಿಲ್ಲ. ನೆಲ ಹತ್ತಿರ ಇರುವಾಗ ಹೀಗಾದರೆ ಸರಿಪಡಿಸಲು ಸಮಯವೇ ಇಲ್ಲ. ಸ್ವಲ್ಪ ಪವರ್, ಬಲಗಾಲಿನ ರಡ್ಡರ್, ಮೂಗು ನಿಧಾನ, ಆಮೇಲೆ ಉಳಿದ ಪವರ್. ಇದನ್ನು ಸಿಮ್ಯುಲೇಟರ್‌ನಲ್ಲೂ ಎತ್ತರದಲ್ಲೂ ಮಾಡಿಸಿ ಮಾಡಿಸಿ ಹಳೆಯ ಅಭ್ಯಾಸ ಬಿಡಿಸುತ್ತೇನೆ.

ಕಾನೂನು ಕೇಳದಿದ್ದರೂ ಇನ್ಶೂರೆನ್ಸ್ ಕಂಪನಿ ಕೇಳುತ್ತದೆ ಅನ್ನುವುದು ಸಮಾಧಾನದ ವಿಷಯ. ಹೊಸಬರಿಗೆ ಆ ಮಾದರಿಯದೇ ಸಿಮ್ಯುಲೇಟರ್ ಕೋರ್ಸ್, ಅದಾದ ಮೇಲೆ ಒಬ್ಬ ಅನುಭವಿ ಪೈಲಟ್ ಜೊತೆ ಇಂತಿಷ್ಟು ಗಂಟೆ, ವರ್ಷಕ್ಕೊಮ್ಮೆ ಮತ್ತೆ ತರಬೇತಿ, ಇವು ಸಾಮಾನ್ಯ ಷರತ್ತು. ವಿಮಾನಕ್ಕೆ ಅಡ್ವಾನ್ಸ್ ಕೊಡುವ ಮೊದಲೇ ಅವರ ಹತ್ತಿರ ಮಾತಾಡಿ. ಲೈಸೆನ್ಸ್ ಕೈಯಲ್ಲಿದ್ದೂ ಇನ್ಶೂರೆನ್ಸ್ ಸಿಗದೆ ವಿಮಾನ ಹ್ಯಾಂಗರಿನಲ್ಲೇ ಕೂರುವುದುಂಟು.

ಸೆಕೆಂಡ್ ಹ್ಯಾಂಡ್ ವಿಮಾನ ನೋಡುತ್ತಿದ್ದರೆ ರಿಜಿಸ್ಟ್ರೇಷನ್ ಅಕ್ಷರವನ್ನೂ ಗಮನಿಸಿ. ಎನ್ ಅಂದರೆ ಅಮೆರಿಕ, ಜಿ ಅಂದರೆ ಬ್ರಿಟನ್, ಎಚ್‌ಬಿ ಅಂದರೆ ಸ್ವಿಟ್ಜರ್ಲೆಂಡ್. 1944ರ ಶಿಕಾಗೋ ಒಪ್ಪಂದದ 32ನೇ ವಿಧಿಯ ಪ್ರಕಾರ, ಅಂತರರಾಷ್ಟ್ರೀಯ ಹಾರಾಟದಲ್ಲಿ ಪೈಲಟ್ ಹತ್ತಿರ ವಿಮಾನ ನೋಂದಣಿಯಾದ ದೇಶವೇ ಕೊಟ್ಟ ಅಥವಾ ಮಾನ್ಯ ಮಾಡಿದ ಲೈಸೆನ್ಸ್ ಇರಬೇಕು. ನಿಮ್ಮ ಲೈಸೆನ್ಸ್ ಒಂದು ದೇಶದ್ದು, ವಿಮಾನ ಇನ್ನೊಂದು ದೇಶದ್ದು ಆದರೆ ಒಂದೋ ಲೈಸೆನ್ಸ್‌ಗೆ ಮಾನ್ಯತೆ ಪಡೆಯಬೇಕು, ಇಲ್ಲ ವಿಮಾನದ ನೋಂದಣಿ ಬದಲಿಸಬೇಕು. ನೋಂದಣಿ ಬದಲಿಸುವುದಾದರೆ ಹಳೆಯ ಮೆಂಟೆನೆನ್ಸ್ ದಾಖಲೆ ಪೂರ್ತಿ ಬೇಕಾಗುತ್ತದೆ. ಮಾರುವವರ ಹತ್ತಿರ ಅದು ಇದೆಯಾ ಅಂತ ಮೊದಲೇ ಕೇಳಿಬಿಡಿ.